ಪಾಸ್ಕದ ರೊಟ್ಟಿ

ಪಾಸ್ಕ ಹಬ್ಬದ ರೊಟ್ಟಿ ಮಾಡುವುದನ್ನು ಅಜ್ಜಿ ಮೊಮ್ಮಕ್ಕಳಿಗೆ ಕಲಿಸುತ್ತಿದ್ದಳು.

“ಹಿಟ್ಟು ಹುಳಿ ಬರೋವರೆಗೂ ಯಾಕೆ ಕಾಯಬಾರದು ಅಜ್ಜಿ?”

“ಬೈಬಲ್‌ನಲ್ಲಿ ಕೇಳಿಲ್ವಾ, ಗುಲಾಮಗಿರಿ ಬಿಟ್ಟು ಓಡೋ ಜನ ಹುಳಿ ಬರಲಿ ಅಂತ ಕೂತಿರ್ತಾರೇನೋ? ಹಿಟ್ಟು ಪಾತ್ರೆಗೆ ಹಾಕು, ಮೂಗಿಗಲ್ಲ. ಸರಿಯಾಗಿ ಕಲೀರಿ. ನಿಮ್ಮಪ್ಪ ಬಂದು ನನ್ನನ್ನೇ ಕೇಳ್ತಾನೆ.”

ಮಕ್ಕಳು ನಕ್ಕರು. ಒಳಗಿದ್ದ ಸೊಸೆ ನಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಏಲಿಯಮ್ಮ ಮುಚ್ಚಿದ ತಟ್ಟೆ ಹಿಡಿದು ಬಂದಳು. ಒಲೆ ಉರಿಯುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

“ಏನದು?” ಎಂದಳು ಅಜ್ಜಿ.

“ರೊಟ್ಟಿ, ಅಮ್ಮಚ್ಚಿ. ನಿಮಗೂ ಸೇರಿಸಿ ಮಾಡಿದ್ದೆ.”

“ವರ್ಷದೊಳಗೆ ಸಾವಾದ ಮನೇಲಿ ಈ ರೊಟ್ಟಿ ಮಾಡಬಾರದು, ನೆರೆಯವರು ತಂದುಕೊಡಬೇಕು. ಆ ಪದ್ಧತಿ ನನಗೂ ಗೊತ್ತು ಕಣೇ. ಈ ಮನೇಲಿ ಯಾರು ಸತ್ತಿದ್ದಾರೆ?”

“ಹಡಗು ಮುಳುಗಿ ಇಷ್ಟು ತಿಂಗಳಾಯ್ತಲ್ಲ ಅಮ್ಮಚ್ಚಿ...”

“ಮುಳುಗಿದ್ದು ಹಡಗು. ನನ್ನ ಮಗನ ಹೆಣ ಕಂಡೋರು ಯಾರಿದ್ದಾರೆ? ತಟ್ಟೆ ತಗೊಂಡು ನಡಿ.”

ಏಲಿಯಮ್ಮ ಕಣ್ಣೊರೆಸಿಕೊಂಡು ಹಿಂದಿರುಗಿದಳು. ಇನ್ನೂ ಅಂಗಳ ದಾಟಿರಲಿಲ್ಲ. ಸೊಸೆ ಒಳಗಿನಿಂದ ಬಂದು, ಒಲೆಗೆ ನೀರು ಸುರಿದು, ಅವಳ ಹಿಂದೆಯೇ ಹೋಗಿ ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡಳು.