ಎದ್ದು ನಿಲ್ಲುವ ಗಾಳಿ

ಮೂರು ದೇಶಗಳ ಕಡಲಗಾಳಿ ತನ್ನನ್ನು ಕಂಡರೆ ಎದ್ದು ನಿಲ್ಲುತ್ತದೆ, ಸ್ಕಾಟ್ಲೆಂಡಿನದಂತೂ ಊರಾಚೆಗೇ ಬಂದು ಎದುರುಗೊಳ್ಳುತ್ತದೆ ಎಂದು ಆ ಮನುಷ್ಯ ಹೇಳಿದ್ದು ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲು.

ಟ್ರಾವೆಲ್ಸ್ ಆಫೀಸಿನ ಮಾಲಕಿ ಗೈಡ್ ಕೆಲಸದ ಅರ್ಜಿಯಿಂದ ತಲೆಯೆತ್ತಲಿಲ್ಲ. ಬೆಳಗಿನಿಂದ ಅವಳು ಕೇಳಿದ್ದ ಬುರುಡೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಇದು ಮೇಲಿನ ಮೆಟ್ಟಿಲು. ಅರ್ಜಿಯಲ್ಲಿ ‘ಅನುಭವ’ ಎಂಬಲ್ಲಿ ಒಂದೇ ಸಾಲು: ವಿದೇಶ ಸಂಚಾರ, ಬೇಕಾದಷ್ಟು.

ಬರುವ ಗುರುವಾರ ಹನ್ನೊಂದು ಜನ ಗಾಲ್ಫ್ ಹುಚ್ಚರು ಸ್ಕಾಟ್ಲೆಂಡ್, ಐರ್ಲೆಂಡ್, ಹಾಲೆಂಡ್ ಸುತ್ತಲು ಹೊರಟಿದ್ದರು. ಅವರಿಗೆ ಬೇಕಾದದ್ದು ಲಿಂಕ್ಸ್ ಮೈದಾನಗಳು, ಅಂದರೆ ಕಡಲತಡಿಯ ಮರಳುದಿಬ್ಬಗಳ ಮೇಲೆ ಹುಲ್ಲು ಹಬ್ಬಿ ಆದ ಮೈದಾನಗಳು. ಮರವಿಲ್ಲ, ಮರೆಯಿಲ್ಲ, ಎದುರಾಳಿ ಗಾಳಿಯೊಂದೇ. ಜೊತೆಗೆ ಹೋಗಬೇಕಿದ್ದ ಗೈಡ್ ಮೊನ್ನೆ ಸ್ವಂತ ಮನೆಯ ಮೆಟ್ಟಿಲಲ್ಲೇ ಜಾರಿ ಕಾಲು ಮುರಿದುಕೊಂಡಿದ್ದ. ಮಾಲಕಿ ಏರ್ಪಡಿಸಿದ ಮೊದಲ ವಿದೇಶ ಪ್ರವಾಸ ಇದು. ತಪ್ಪು ಮನುಷ್ಯನನ್ನು ಕಳಿಸಿದರೆ ಕೊನೆಯದೂ ಇದೇ.

ಅದಕ್ಕೇ ಪಕ್ಕದಲ್ಲಿ ಭಾವನನ್ನು ಕೂರಿಸಿಕೊಂಡಿದ್ದಳು. ಭಾವ ಗಾಲ್ಫ್ ತರಬೇತುದಾರ. ಮೂರೂ ದೇಶಗಳಲ್ಲಿ ಆಡಿ, ಮೂರೂ ಕಡೆ ಸೋತು ಬಂದವನು.

“ಮೂರರಲ್ಲಿ ಯಾವುದು ಮೇಲು?” ಭಾವ ಕೇಳಿದ.

“ಯಾವ ಹೊತ್ತು ಅನ್ನೋದರ ಮೇಲಿದೆ ಸಾರ್. ಬೆಳಗ್ಗೆ ಆದರೆ ಸ್ಕಾಟ್ಲೆಂಡ್. ಬಿಸಿಲು ನೇರ ದಿಬ್ಬದ ಮೇಲೆ ಬಿದ್ದು ಒಂದೊಂದು ಹುಲ್ಲಿನ ಎಸಳನ್ನೂ ಎಣಿಸಬಹುದು. ನಾನು ಎಣಿಸಿದ್ದೀನಿ. ಸಂಜೆಗೆ ಐರ್ಲೆಂಡ್. ಆ ಹಸಿರು ನೋಡಿ ಬಂದ ಮೇಲೆ ನಮ್ಮನೆ ಗಿಡಗಳೆಲ್ಲ ಕಾಯಿಲೆ ಬಿದ್ದ ಹಾಗೆ ಕಾಣಿಸ್ತವೆ. ಹಾಲೆಂಡ್ ಅಷ್ಟಕ್ಕಷ್ಟೆ. ಎದುರಿಗೇ ಮರಳುಗುಡ್ಡ ಅಡ್ಡ. ಬಾವುಟದ ತುದಿ ಬಿಟ್ಟರೆ ಏನೂ ಕಾಣಲ್ಲ.”

“ಒಂದು ಮೈದಾನಕ್ಕೆ ಎಷ್ಟು ಹೊತ್ತು ಹಿಡೀತಿತ್ತು ನಿಮಗೆ?”

“ಅರ್ಧ ಗಂಟೆ.”

“ಹದಿನೆಂಟು ಗುಳಿ ಸ್ವಾಮಿ. ನನಗೇ ನಾಲ್ಕು ಗಂಟೆ ಬೇಕು.”

“ನಿಮಗೆ ಬೇಕಾಗಬಹುದು,” ಎಂದು ಆತ ಮರುಕದಿಂದ ಹೇಳಿ, ಮೇಜಿನ ಅಂಚಿನಲ್ಲಿದ್ದ ತನ್ನ ಚಹಾ ಲೋಟವನ್ನು ನಡುವಿಗೆ ಸರಿಸಿದ. ಆಮೇಲೆ ಭಾವನದನ್ನೂ ಸರಿಸಿದ.

ಗಾಳಿಯ ಬಗ್ಗೆ ಕೇಳಿದ್ದೇ ತಪ್ಪಾಯಿತು. ಯಾವ ತಿಂಗಳು ಯಾವ ದಿಕ್ಕಿನಿಂದ, ಎಷ್ಟು ಜೋರು, ಮಂಜು ಕವಿದರೆ ಯಾವ ದೀಪಸ್ತಂಭ ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದ. ಐರ್ಲೆಂಡಿನಲ್ಲಿ ಒಮ್ಮೆ ಯಾರದೋ ಚೆಂಡು ಗಾಳಿಗೆ ಸಿಕ್ಕಿ ಹಾರಿ ಬಂದು ಇವನ ಸೂಪಿಗೇ ಬಿತ್ತಂತೆ. ಸೂಪಿನ ರುಚಿ ಹೆಚ್ಚಿತಂತೆ.

ಭಾವ ಹಾಳೆಯ ಮೂಲೆಯಲ್ಲಿ ‘ಗಾಳಿರಾಯ’ ಎಂದು ಬರೆದು ಮಾಲಕಿಯ ಕಡೆ ತಿರುಗಿಸಿದ. ಆಮೇಲೆ ಮೊಬೈಲ್ ತೆಗೆದು ದೀಪಸ್ತಂಭಗಳ ಲೆಕ್ಕ ತಾಳೆ ನೋಡಿದ. ಒಂದು ಸೆಕೆಂಡೂ ಹೆಚ್ಚುಕಡಿಮೆ ಇರಲಿಲ್ಲ. ಮೊಬೈಲನ್ನು ಮಗುಚಿಟ್ಟ.

“ನನ್ನದು ಒಂದೇ ಷರತ್ತು ಮೇಡಂ,” ಗಾಳಿರಾಯ ಹೇಳಿದ. “ಪ್ರತಿ ಮೈದಾನದಲ್ಲೂ ಇಳೀಬೇಕು. ದೂರದಿಂದ ತೋರಿಸಿ ಮುಂದೆ ಹೋಗೋ ಪ್ರವಾಸಕ್ಕೆ ನಾನು ಬರಲ್ಲ.”

ಈ ಗತ್ತು ಮಾಲಕಿಗೆ ಹಿಡಿಸಿತು. ಹತ್ತು ಬೆರಳಿನಲ್ಲಿ ಒಂಬತ್ತು ಸಹಿ ಹಾಕಲು ಸಿದ್ಧವಾದವು. ಹತ್ತನೆಯದನ್ನು ಭಾವ ತಡೆದ.

“ಸ್ಕಾಟ್ಲೆಂಡಿನಲ್ಲಿ ನಮ್ಮವರು ಆಡೋ ಮೈದಾನದಲ್ಲಿ ದೀಪಸ್ತಂಭ ಕ್ಲಬ್ಬಿನ ಯಾವ ಪಕ್ಕಕ್ಕಿದೆ?”

“ಎಡಕ್ಕೆ.”

“ಐರ್ಲೆಂಡಿನಲ್ಲಿ ನೀರಿನ ಟ್ಯಾಂಕು?”

“ಬಲಕ್ಕೆ.”

“ಹಾಲೆಂಡಿನ ಚರ್ಚು?”

“ಬಾವುಟಗಳ ಎಡಕ್ಕೆ. ಕಣ್ಣು ಮುಚ್ಚಿ ಹೇಳ್ತೀನಿ.”

ಭಾವ ಅವಳನ್ನು ಹೊರಗೆ, ಜೆರಾಕ್ಸ್ ಮೆಷಿನ್ ಹತ್ತಿರಕ್ಕೆ ಕರೆದ.

“ಮೂರೂ ತಪ್ಪು ಕಣಮ್ಮ. ನಾನು ಆ ಕ್ಲಬ್ಬುಗಳ ವೆರಾಂಡಗಳಲ್ಲಿ ನಿಂತು ನೋಡಿದ್ದೀನಿ. ಎಲ್ಲ ತಿರುಗುಮುರುಗು. ಈ ಆಸಾಮಿ ಅಲ್ಲಿ ಕಾಲೇ ಇಟ್ಟಿಲ್ಲ.”

“ಓದಿಕೊಂಡು ಬಂದಿದ್ದರೆ ಒಂದಾದರೂ ಸರಿ ಇರಬೇಕಿತ್ತಲ್ಲ ಭಾವ?”

“ಕನ್ನಡಿ ಹಿಡಿದು ಓದಿರಬೇಕು. ನೋಡು, ಹನ್ನೊಂದು ಜನರನ್ನೂ ಕರ್ಕೊಂಡು ಹೋಗಿ ಸಮುದ್ರಕ್ಕೆ ಇಳಿಸಿ ಬರ್ತಾನೆ.”

ಮಾಲಕಿ ಒಳಗೆ ಬಂದಳು. ಸಹಿ ಹಾಕಬೇಕಿದ್ದ ಹಾಳೆಯನ್ನು ಡ್ರಾಯರಿನೊಳಕ್ಕೆ ಹಾಕಿದಳು. ಗಾಳಿರಾಯ ಅದು ಹೋದ ದಾರಿಯನ್ನೇ ನೋಡಿದ. ಅವಳು ಸ್ಕಾಟ್ಲೆಂಡಿನ ಮೈದಾನದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ನು ಅವನ ಕಡೆ ತಳ್ಳಿದಳು.

“ಎಲ್ಲಿ ನಿಂತು ನೋಡಿದಿರೋ ಆ ಜಾಗಕ್ಕೆ ಒಂದು ಚುಕ್ಕೆ ಇಡಿ, ಸಾಕು.”

ಆತ ಪೆನ್ನು ಎತ್ತಿಕೊಂಡ. ಪೆನ್ನು ಹಸಿರಿನ ಮೇಲೆ ಸುಳಿದಾಡಿತು. ಅಲ್ಲೇ ಎಲ್ಲಾದರೂ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಇಡಲಿಲ್ಲ. ಪೆನ್ನು ದಿಬ್ಬ ದಾಟಿತು, ಮರಳು ದಾಟಿತು, ನೀಲಿಗೆ ಇಳಿಯಿತು. ಕಾಗದ ಮುಗಿದರೂ ನಿಲ್ಲಲಿಲ್ಲ. ಒಂದು ಗೇಣು ಆಚೆ, ಮೇಜಿನ ಮರದ ಮೇಲೆ, ಆತ ಪುಟ್ಟದಾಗಿ ಒಂದು ಚುಕ್ಕೆ ಇಟ್ಟ.

“ಅಲ್ಲಿರೋದು ಸಮುದ್ರ,” ಭಾವ ಹೇಳಿದ.

“ಹೌದು ಸಾರ್. ಸರಕು ಹಡಗಲ್ಲಿ ಮೂವತ್ತೊಂದು ವರ್ಷ ಅಡುಗೆಯವನಾಗಿದ್ದೆ, ಅವನ್ನೆಲ್ಲ ಅಡುಗೆಮನೆ ಕಿಟಕಿಯಿಂದ ನೋಡಿದ್ದು. ಒಂದು ಸಲ ಆ ಹುಲ್ಲಿನ ಮೇಲೆ ನಿಂತು, ಹಡಗು ಹಾದುಹೋಗೋದನ್ನ ನೋಡೋಣ ಅಂತ ಬಂದೆ.”