ಮೂರು ಸಾಲಿನ ಪ್ರವಾಹ

ಯಾರು ಬರೆದ ವೈಜ್ಞಾನಿಕ ಕಥೆಯೂ ಅಚ್ಚಾದ ಮರುದಿನವೇ ನಿಜವಾಗುತ್ತಿದ್ದುದರಿಂದ, ಕಥೆಗಾರ್ತಿ ವನಮಾಲಾ ಕಟಗೇರಿಯವರ ಬಾಗಿಲಲ್ಲಿ ಯಾವಾಗಲೂ ಜನ. ಇವತ್ತು ಬಂದವರು ಅಣೆಕಟ್ಟಿನ ಅಧಿಕಾರಿ.

"ಮೇಡಂ, ಕರಿಕಲ್ಲೂರಿನ ಮಂದಿ ಊರು ಬಿಡವಲ್ರು. ನೀವು ಮೂರೇ ಸಾಲು ಬರೀರಿ, ಊರು ಮುಳುಗ್ತದ."

ವನಮಾಲಾ ಬಾಯಲ್ಲಿದ್ದ ಎಲೆಯಡಿಕೆಯನ್ನು ನಿಧಾನವಾಗಿ ಜಗಿದರು. "ನಾ ಬರೆಯಂಗಿಲ್ಲ."

"ನೀವಲ್ಲಂದ್ರ ಇನ್ನೊಬ್ಬರು ಬರೀತಾರ. ನಾಳೆನೇ ಅಚ್ಚಾಗ್ತದ."

"ಬರಸ್ರಿ. ಧಾರಾಳ ಮುಳುಗಸ್ರಿ."

ಅವರು ನಿನ್ನೆಯ ಪತ್ರಿಕೆಯನ್ನು ಅಧಿಕಾರಿಯ ಮುಂದೆ ತಳ್ಳಿದರು. ಅದರಲ್ಲಿ ಅವರದೇ ಹೊಸ ಕಥೆಯಿತ್ತು. ಕರಿಕಲ್ಲೂರಿನ ಹೆಂಗಸರು ನೀರಿನ ತಳದಲ್ಲಿ ಕೂತು, ಮೀನುಗಳನ್ನು ಗದರಿಸುತ್ತ, ಕಾಳು ಹಸನು ಮಾಡುತ್ತಿದ್ದರು.

"ಆ ಊರಿನ ಮಂದಿಗೆ ಇವತ್ತು ಮುಂಜಾನಿಂದ ನೀರಿನಾಗೂ ಉಸಿರಾಡಾಕ ಬರ್ತದ," ಎಂದರು ವನಮಾಲಾ. "ನಿಮಗ ಈಜರೆ ಬರ್ತದೇನ್ರಿ, ಸಾಹೇಬ್ರ?"