ಹದಿನಾಲ್ಕನೇ ಸಾಲಿನ ಮಾತು

ತೀರಿಹೋದವರ ಕೊನೆಯ ಪ್ರಯಾಣದ ಒಂದು ಮಾತು ಅವರು ಕೂತಿದ್ದ ಸೀಟಿನಲ್ಲೇ ಉಳಿದುಬಿಡುತ್ತಿದ್ದ ಕಾಲವದು. ತಲೆಯಾನಿಸಿದರೆ ಕಿವಿಗೆ ಬೀಳುತ್ತಿತ್ತು. ಅದಕ್ಕಾಗಿಯೇ ಜಲಜಾಕ್ಷಿ ಏನೂ ಕೆಲಸವಿಲ್ಲದಿದ್ದರೂ ಮಂಗಳೂರಿನಿಂದ ಮುಂಬಯಿಗೆ ಒಂದೇ ವಿಮಾನದ ಹದಿನಾಲ್ಕನೇ ಸಾಲಿನ ಕಿಟಕಿ ಪಕ್ಕ ಕೂತು ಹೋಗುತ್ತಿದ್ದಳು. ಅಲ್ಲಿ ಗಂಡನ ದನಿ, "ಜಲಜಾ, ಹೋಗಿ ಬರ್ತೇನೆ" ಎನ್ನುತ್ತಿತ್ತು. ಆಪರೇಷನ್ನಿಗೆಂದು ಮುಂಬಯಿಗೆ ಹೊರಟವರು ಆ ಸೀಟಿನಲ್ಲಿ ಕೂತು ಫೋನಿನಲ್ಲಿ ಆಡಿದ ಮಾತದು, ಆಮೇಲೆ ಅವರು ಮರಳಿ ಬರಲಿಲ್ಲ. ಅವಳು ಪ್ರತಿ ಸಲವೂ ಸೆರಗಿನ ಮರೆಯಲ್ಲಿ "ಹೂಂ, ಹೋಗಿ ಬನ್ನಿ" ಎಂದು ಪಿಸುಗುಟ್ಟುತ್ತಿದ್ದಳು.

ವಿಮಾನ ನಡೆಸುತ್ತಿದ್ದ ದೊಡ್ಡ ಕಂಪನಿ ಅದನ್ನು ತನ್ನದೇ ಅಗ್ಗದ ಟಿಕೆಟ್ಟಿನ ಕಂಪನಿಗೆ ದಾಟಿಸಿದಾಗಲೂ ಅವಳು ಹೆದರಲಿಲ್ಲ. ಬಾಲದ ಬಣ್ಣ ಬದಲಾದರೇನು, ಎರಡೂ ಕಂಪನಿಗಳದು ಸೀಟಿನ ನಕ್ಷೆ ಒಂದೇ.

ಇವತ್ತು ತಲೆಯಾನಿಸಿದರೆ ಯಾರೋ ಮುದುಕಿಯ ದನಿ: "ಇಳಿಯುವಾಗ ಎಬ್ಬಿಸು ಮಗಾ."

"ನಕ್ಷೆ ಬದಲಾಯ್ತಲ್ಲ ಅಮ್ಮ," ಎಂದಳು ಗಗನಸಖಿ, ಜಲಜಾಕ್ಷಿ ಕರೆದು ಕೇಳಿದಾಗ. "ಜಾಸ್ತಿ ಜನ ಹಿಡಿಸ್ಲಿಕ್ಕೆ ಸೀಟೆಲ್ಲ ಬಿಚ್ಚಿ ಒತ್ತೊತ್ತಾಗಿ ಹಾಕಿದ್ದಾರೆ. ಯಾವುದು ಎಲ್ಲಿ ಹೋಯ್ತು ಅಂತ ನಮಗೂ ಗೊತ್ತಿಲ್ಲ."

"ಆದ್ರೆ ಆ ಸೀಟು ಇದ್ರೊಳಗೇ ಉಂಟಲ್ಲ?"

"ಇರ್ಬಹುದು."

ವಿಮಾನ ತುಂಬಿತ್ತು. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು. ಎಲ್ಲ ದನಿಗಳ ಮೇಲೂ ಯಾರೋ ಒರಗಿ ನಿದ್ದೆ ಹೋಗಿದ್ದರು.

ಮುಂಬಯಿಯಲ್ಲಿ ಎಲ್ಲರೂ ಇಳಿದ ಮೇಲೆ ಜಲಜಾಕ್ಷಿ ತಾನು ಕೂತಿದ್ದ ಸೀಟಿನ ಬೆನ್ನನ್ನು ಮೆಲ್ಲಗೆ ತಟ್ಟಿದಳು. "ಅಮ್ಮಾ, ಏಳಿ. ಮುಂಬಯಿ ಬಂತು."

ಆಮೇಲೆ ಖಾಲಿ ಸಾಲುಗಳ ನಡುವೆ ನಿಂತು, ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ, ಎಲ್ಲ ಸೀಟುಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಹೂಂ, ಹೋಗಿ ಬನ್ನಿ."